ಬೇಡ ಅಂದರೆ ಎರಡು

ಪ್ರೊಫೆಸರ್ ಪುಟ್ಟಸ್ವಾಮಿಯವರು ಫೋನಿನಲ್ಲಿ "ಊಟಗೀಟ ಏನೂ ಬೇಡ ಕಣ್ರೀ" ಅಂದದ್ದೇ ಎಲ್ಲ ಅವಾಂತರಕ್ಕೂ ಮೂಲ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಕೇಳಿ ಸುಮ್ಮನಾಗುತ್ತಿದ್ದರು, ಒಂದು ಲೋಟ ಮಜ್ಜಿಗೆ ಮಾಡಿಸಿಟ್ಟು ಕಾಯುತ್ತಿದ್ದರು. ಆದರೆ ಕೇಳಿಸಿಕೊಂಡವನು ಮಾಬ್ಲೇಶ್ವರ ಹೆಗಡೆ. ಅವನು ಪಿಎಚ್.ಡಿ. ಮಾಡುತ್ತಿದ್ದದ್ದೇ 'ಬೇಡ' ಎಂಬ ಎರಡಕ್ಷರದ ಮೇಲೆ.

ಮಾಬ್ಲೇಶ್ವರ ಹೊನ್ನಾವರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಮಾಸ್ತರ. ಅವನ ಸಂಶೋಧನೆ ಶುರುವಾಗಿ ಒಂಬತ್ತು ವರ್ಷವಾಗಿತ್ತು. ಪರಿಣತರ ತಲೆಯೊಳಗಿನ ತಿಳಿವಳಿಕೆಯನ್ನೆಲ್ಲ 'ಹೀಗಿದ್ದರೆ ಹೀಗೆ ಮಾಡು' ಎಂಬ ನಿಯಮಗಳಾಗಿ ಬರೆದು ಕಂಪ್ಯೂಟರಿಗೆ ಉಣಿಸುವುದು ಅವನ ವಿದ್ಯೆ. ಅದಕ್ಕೆ ಜ್ಞಾನಾಧಾರಿತ ವ್ಯವಸ್ಥೆ ಎಂದು ದೊಡ್ಡ ಹೆಸರು. ಮೊದಲು ಅವನು ತೆಂಗಿನ ರೋಗ ಗುರುತಿಸುವ ವ್ಯವಸ್ಥೆ ಕಟ್ಟಲು ಹೊರಟ. ಅರ್ಧ ಮುಗಿಯುವಷ್ಟರಲ್ಲಿ ಯಾರೋ ಅದನ್ನು ಮಾಡಿ ಮುಗಿಸಿದರು. ಆಮೇಲೆ ತದಡಿ ಬಂದರಿಗೆ ಹೋಗಿ ಮೀನಿನ ತಾಜಾತನದ ಬೆನ್ನು ಹತ್ತಿದ. ಹುಟ್ಟಿದಂದಿನಿಂದ ಮೀನು ಮುಟ್ಟದವನು ಮೂಗಿಗೆ ಪಂಚೆ ಕಟ್ಟಿಕೊಂಡು ತಾಜಾತನ ನೋಡುವುದನ್ನು ಕಂಡು ಅಲ್ಲಿಯ ಹೆಂಗಸರು ನಕ್ಕು ನಕ್ಕು ಸುಸ್ತಾದರು. ಅಷ್ಟರಲ್ಲಿ ಎಲ್ಲ ಬಲ್ಲ, ಎಲ್ಲದಕ್ಕೂ ಉತ್ತರ ಕೊಡುವ ಕೃತಕ ಬುದ್ಧಿಯ ಯಂತ್ರಗಳು ಎಲ್ಲರ ಮೊಬೈಲಿಗೂ ಬಂದು ಕೂತವು. ಇನ್ನು ತನಗೆ ಉಳಿದ ವಿಷಯವೇ ಇಲ್ಲ ಎಂದು ಮಾಬ್ಲೇಶ್ವರ ತಲೆಯ ಮೇಲೆ ಕೈಹೊತ್ತು ಕೂತ.

ಅವನನ್ನು ಬದುಕಿಸಿದ್ದು ಹೊಳನಗದ್ದೆಯ ಮಹಾಲಕ್ಷ್ಮೀ ಅತ್ತೆ. ಕುಮಟಾ ಸುತ್ತಿನಲ್ಲಿ ಊಟಕ್ಕೆ ಒತ್ತಾಯ ಮಾಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವಳ ಮನೆಯಲ್ಲಿ ಉಂಡವರು ಹೊರಗೆ ಬಂದು ಮೊದಲು ಹುಡುಕುವುದು ಚಪ್ಪಲಿಯನ್ನಲ್ಲ, ಒರಗಲು ಗೋಡೆಯನ್ನು. ಈ ಅತ್ತೆ ಒಂದು ದಿನ ಮೊಬೈಲಿನ ಬುದ್ಧಿವಂತ ಯಂತ್ರವನ್ನು ಪರೀಕ್ಷೆ ಮಾಡಲು, "ಬಂದ ನೆಂಟರು ಹೋಳಿಗೆ ಬೇಡ ಹೇಳಿದ್ರೆ ಎಂತ ಮಾಡವು? ಏನು ಮಾಡಬೇಕು?" ಎಂದು ಕೇಳಿದಳು. "ಅತಿಥಿಗಳ ಇಚ್ಛೆಯನ್ನು ಗೌರವಿಸಿ. ಅವರಿಗೆ ಬಡಿಸಬೇಡಿ" ಎಂದಿತು ಯಂತ್ರ.

ಅತ್ತೆ ಮೊಬೈಲನ್ನು ಮಣೆಯ ಮೇಲೆ ಕವುಚಿ ಹಾಕಿದಳು. "ಥೋ! ಇದ್ರ ಮಾತು ಕೇಳಿದ್ರೆ ನೆಂಟರು ಉಪವಾಸ ಸಾಯವು. ಮೊದ್ಲನೇ ಬೇಡ ಮರ್ಯಾದಿಗೆ ಹೇಳದು. ಎರಡನೇ ಬೇಡ ಪಕ್ಕದಲ್ಲಿ ಕೂತವಕ್ಕೆ ಕೇಳಲಿ ಹೇಳಿ ಹೇಳದು. ಅಯ್ಯೋ ಬೇಡ ಹೇಳಿದ್ರೆ ಎರಡು ಹಾಕವು. ಬಾಳೆ ಮೇಲೆ ಕೈ ಅಡ್ಡ ಹಿಡಿದ್ರೆ ಬೆರಳು ಬಿಡಿಸಿ ಹಿಡಿದ್ದ್ವ, ಕೂಡಿಸಿ ಹಿಡಿದ್ದ್ವ ನೋಡವು. ಇದಕ್ಕೆ ಎಂತದೂ ಗೊತ್ತಿಲ್ಲೆ!"

"ಹಂಗಾರೆ ನಿಜವಾಗ್ಲೂ ಬೇಡದಿದ್ದವು ಎಂತ ಹೇಳ್ತ ಅತ್ತೆ?"

"ಅವು ಎಂತದೂ ಹೇಳ್ತ್ವಿಲ್ಲೆ. ಎದ್ದು ಕೈ ತೊಳಿತ."

ಮಾಬ್ಲೇಶ್ವರನಿಗೆ ಸಾಕ್ಷಾತ್ ಸರಸ್ವತಿಯೇ ಎದುರು ಕೂತು ಹಲಸಿನ ಸೊಳೆ ಬಿಡಿಸುತ್ತಿರುವಂತೆ ಕಂಡಿತು. ಜಗತ್ತಿನ ಪುಸ್ತಕಗಳನ್ನೆಲ್ಲ ನುಂಗಿ ಕೂತ ಯಂತ್ರಕ್ಕೂ ಗೊತ್ತಿಲ್ಲದ್ದು ಅತ್ತೆಯ ತಲೆಯಲ್ಲಿತ್ತು. ಅವನು ಅದನ್ನೆಲ್ಲ ನಿಯಮಗಳಾಗಿ ಬರೆದು, 'ಉಪಚಾರ' ಎಂದು ಹೆಸರಿಟ್ಟು ಮೊಬೈಲಿಗೆ ಇಳಿಸಿದ. ಯಾರಾದರೂ ಬೇಡ ಅಂದರೆ ಮೊಬೈಲು ಕೇಳಿಸಿಕೊಂಡು ಆ ಬೇಡ ನಿಜವೋ ಸುಳ್ಳೋ ಎಂದು ತೀರ್ಮಾನಿಸಿ, ಬಡಿಸುವವನ ಕಿವಿಯಲ್ಲಿ "ಹಾಕು" ಅಥವಾ "ಬಿಡು" ಎನ್ನುತ್ತಿತ್ತು. ಅದರ ದನಿಯೂ ಅತ್ತೆಯದೇ. ಅವಳೇ ಹಟ ಮಾಡಿ ರೆಕಾರ್ಡ್ ಮಾಡಿಸಿದ್ದಳು. ಭಟ್ಕಳದ ಕಡೆಯವರಿಗೂ ಉಪಯೋಗವಾಗಲಿ ಎಂದು ಮಾಬ್ಲೇಶ್ವರ ಒಂದಿಷ್ಟು ಉರ್ದು ಮಾತುಗಳನ್ನೂ, ಅವುಗಳ ಅರ್ಥವನ್ನು ಅತ್ತೆಯ ದನಿಯಲ್ಲೇ ಹೇಳಿಸಿ, ಸೇರಿಸಿದ.

ಪ್ರಬಂಧ ಬರೆದದ್ದಾಗಿತ್ತು. ಗೈಡು "ಸಾಕು" ಅನ್ನುವುದೊಂದೇ ಬಾಕಿ. ಆದರೆ ಆ ಒಂದು ಮಾತು ಪುಟ್ಟಸ್ವಾಮಿಯವರ ಬಾಯಿಂದ ಒಂಬತ್ತು ವರ್ಷದಲ್ಲಿ ಬಂದಿರಲಿಲ್ಲ. ಮಂಡ್ಯದ ಕಡೆಯ ಅವರು ಈಗ ಮಂಗಳೂರಿನ ಕಡೆ ಪ್ರೊಫೆಸರು. ಊಟದಲ್ಲಿ ಮಹಾ ಮಿತಾಹಾರಿ, ಎಲ್ಲಿ ಹೋದರೂ ಹೆಂಡತಿ ಹೆಚ್ಚಿಕೊಟ್ಟ ಸೌತೆಕಾಯಿಯ ಡಬ್ಬಿ ಜೊತೆಗಿರುತ್ತಿತ್ತು. ಅಧ್ಯಾಯ ಬಡಿಸುವುದರಲ್ಲಿ ಮಾತ್ರ ಅವರದು ಎತ್ತಿದ ಕೈ. ಒಂದು ಅಧ್ಯಾಯ ಬರೆದುಕೊಂಡು ಹೋದರೆ ಇನ್ನೊಂದು ಹಾಕುತ್ತಿದ್ದರು.

ಇತ್ತ ಹೊನ್ನಾವರದಲ್ಲಿ ಮಾಬ್ಲೇಶ್ವರ ಹಾಲು ತರಲು ಹೋದರೂ "ಎಂತ, ಮುಗೀತಾ?" ಎಂಬ ಪ್ರಶ್ನೆ. ಅವನ ಸಂಶೋಧನೆಯ ಜೊತೆಗೇ ಹುಟ್ಟಿದ ಮಗಳು ಮೂರನೇ ಇಯತ್ತೆ ಮುಗಿಸಿ, "ಅಪ್ಪಾ, ನೀನು ಇನ್ನೂ ಪಾಸಾಜಿಲ್ಯ?" ಎಂದು ಕೇಳಿದ ದಿನ ಅವನು ಊಟ ಬಿಟ್ಟು ಎದ್ದಿದ್ದ. ಹಾಗಾಗಿ ಪುಟ್ಟಸ್ವಾಮಿಯವರು "ಭಾನುವಾರ ನಾನೇ ಬಂದು ನಿಮ್ಮ ವ್ಯವಸ್ಥೆ ಕೆಲಸ ಮಾಡೋದನ್ನ ಕಣ್ಣಾರೆ ನೋಡ್ತೀನಿ. ಸರಿ ಇದ್ರೆ ಮುಗಿಸೋಣ" ಎಂದಾಗ ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅದೇ ಭಾನುವಾರ ಅತ್ತೆಯ ಹೊಸ ಮನೆಯ ಪ್ರವೇಶ. ನೂರಾರು ಎಲೆ ಬೀಳುವ ಊಟ. ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿ ಸಿಕ್ಕೀತು?

ಆಗಲೇ ಅವರು "ಊಟಗೀಟ ಏನೂ ಬೇಡ" ಅಂದದ್ದು. ಮಾಬ್ಲೇಶ್ವರ ಫೋನನ್ನು ಸ್ಪೀಕರಿಗೆ ಹಾಕಿ ಆ ಮಾತನ್ನು 'ಉಪಚಾರ'ಕ್ಕೆ ಕೇಳಿಸಿದ. "ಹಾಕು!" ಎಂದಿತು ಅತ್ತೆಯ ದನಿ.

ಭಾನುವಾರ ಬಂತು. ಪುಟ್ಟಸ್ವಾಮಿಯವರ ರೈಲು ಹೊನ್ನಾವರದಲ್ಲಿ ನಿಲ್ಲುತ್ತಿರಲಿಲ್ಲ. ಭಟ್ಕಳದಲ್ಲಿ ಇಳಿಸಿಕೊಂಡು ಕಾರಿನಲ್ಲಿ ಕರೆತರುವ ಹೊಣೆಯನ್ನು ದೇವರಾಜ ನಾಯ್ಕ ತಾನಾಗಿ ಹೊತ್ತುಕೊಂಡ. ಇವನು ಅದೇ ಕಾಲೇಜಿನ ಭೌತಶಾಸ್ತ್ರದ ಮಾಸ್ತರ, ಮನೆ ಶಿರಾಲಿ. ಬೇರೆಯವರ ಕೆಲಸವನ್ನು ತನ್ನದೆಂದೇ ತಿಳಿದು ಕೆಡಿಸುವಷ್ಟು ಒಳ್ಳೆಯ ಮನುಷ್ಯ. 'ಉಪಚಾರ'ವನ್ನು ತನ್ನ ಮೊಬೈಲಿಗೂ ಹಾಕಿಸಿಕೊಂಡಿದ್ದ.

ಬೆಳಿಗ್ಗೆ ಅವನ ಫೋನು ಬಂತು. "ಮಾಬ್ಲೇಶ್ವರಾ, ನಿನ್ನ ಗೈಡು ನಮ್ಮನೇಲಿ ಇದ್ರು. ಬಹಳ ನಾಚ್ಕೆ ಮನುಷ ಮಾರಾಯ."

"ನಿಮ್ಮನೇಲಾ? ಸೀದಾ ಇಲ್ಲಿಗೆ ಕರ್ಕೊಂಡು ಬಾ ಅಂದಿದ್ನಲ್ಲೋ!"

"ದಾರೀಲೇ ಶಿರಾಲಿ ಬಂತಲ್ಲ, ಮನೆ ಎದ್ರಿಗೇ ಹಾದು ಬರುದು ಹೆಂಗೆ? ನನ್ನ ಹೆಂಡ್ತಿ ಕಲ್ಪನಾ ಶ್ಯಾವಿಗೆ ಕಾಯಿಹಾಲು ಮಾಡಿತ್ತು. ಅವ್ರು ಬೇಡ ಅಂದ್ರು. ನಿನ್ನ ಮಿಶಿನ್ ಹಾಕು ಅಂತು. ಹಾಕ್ದೆ. ಮತ್ತೆ ಬೇಡ ಅಂದ್ರು. ಮತ್ತೆ ಹಾಕು ಅಂತು. ಪಾತ್ರೆ ಖಾಲಿ! ಎಂತ ಮಿಶಿನ್ ಮಾಡಿದ್ಯೋ, ಭೇಷ್!"

"ಗೈಡು ಎಂತ ಅಂದ್ರು?"

"ಎಂತದೂ ಅನ್ಲಿಲ್ಲ. ಮಾತಾಡುಕೆ ಜಾಗ ಇಲ್ಲ ಒಳಗೆ."

ಕಾರು ಶರಾವತಿ ಸೇತುವೆ ದಾಟಿ ಹೊನ್ನಾವರದ ಮನೆಯ ಮುಂದೆ ನಿಂತಿತು. ಪುಟ್ಟಸ್ವಾಮಿಯವರು ಸೌತೆಕಾಯಿಯ ಡಬ್ಬಿಯನ್ನು ಎದೆಗವಚಿಕೊಂಡು ಮೆಲ್ಲಗೆ ಇಳಿದರು. ಮಾಬ್ಲೇಶ್ವರ ಕಾಲಿಗೆ ನಮಸ್ಕಾರ ಮಾಡಿದರೆ ಬಗ್ಗಿ ಬೆನ್ನು ತಟ್ಟಲು ಅವರಿಂದಾಗಲಿಲ್ಲ.

"ಏನೂ ಬ್ಯಾಡ. ಮೊದ್ಲು ಪ್ರಬಂಧ ತೋರ್ಸಿ" ಅಂದರು.

ಮಾಬ್ಲೇಶ್ವರನ ಹೆಂಡತಿ ಸ್ಮೃತಿ ಬಾಗಿಲಲ್ಲಿ ನಿಂತಿದ್ದಳು. ಈ ಪ್ರೊಫೆಸರರ ಒಂದು ಮಾತಿಗಾಗಿ ಒಂಬತ್ತು ವರ್ಷ ಕಾದವಳು ಅವಳು. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕೂರಿಸಿ ಪ್ರಬಂಧ ಓದಿಸುವುದುಂಟೇ? ಒಳಗೆ ಗಂಡನನ್ನು ಕರೆದು, "ಆಸ್ರಿಗೆ, ತಿಂಬಲೆ ಕುಡಿಯಲೆ, ಎಂತ ಕೊಡದು? ತೆಳ್ಳೇವು ಎರೀತಾ ಇದ್ದೆ. ಜೋನಿಬೆಲ್ಲ ಇದ್ದು" ಎಂದಳು.

"ಬೇಡ ಮಾರಾಯ್ತಿ. ಅವು ಶಿರಾಲಿಯಲ್ಲೇ ಉಂಡಿಕ್ಕೆ ಬೈಂದ."

"ನಾಯ್ಕರ ಮನೇಲಿ ಉಂಡು, ನಮ್ಮನೇಲಿ ಬೇಡ ಹೇಳಿದ್ರೆ ಎಂತ ಅರ್ಥ? ನಿಂಗಳ ಪ್ರಬಂಧದಲ್ಲೇ ಇದ್ದಲೀ, ಮೊದ್ಲನೇ ಬೇಡ ಮರ್ಯಾದಿಗೆ ಹೇಳಿ?"

ತಾನೇ ಬರೆದ ಪ್ರಬಂಧವನ್ನು ತಾನೇ ಸುಳ್ಳು ಎನ್ನುವುದು ಹೇಗೆ? ನೀರುದೋಸೆಯಂಥ ತೆಳ್ಳೇವು, ಪಾಕದಂಥ ಜೋನಿಬೆಲ್ಲದ ಜೊತೆ ಬಂತು. ಪುಟ್ಟಸ್ವಾಮಿಯವರು ಬೇಡ ಅಂದರು, ಇನ್ನೊಂದು ಬಂತು. ಅಷ್ಟರಲ್ಲಿ ಪಕ್ಕದ ಮನೆಯ ಕಮಲಕ್ಕ ಬೇಲಿಯಾಚೆಯಿಂದಲೇ "ಗೈಡು ಬಂದ್ರಂತೆ, ಹೌದೆ?" ಎನ್ನುತ್ತ ಹಲಸಿನ ಹಪ್ಪಳದ ತಟ್ಟೆ ಹಿಡಿದು ಒಳಗೇ ಬಂದಳು. ಗೈಡು ಎಂಬ ಪ್ರಾಣಿ ಹೇಗಿರುತ್ತದೆ ಎಂದು ನೋಡಲು ಅವಳಿಗೆ ಬಹಳ ದಿನದ ಆಸೆ. "ನೀವೇ ಏನು ನಮ್ಮ ಮಾಬ್ಲೇಶ್ವರನ್ನ ಫೇಲ್ ಮಾಡ್ತಾ ಇದ್ದವ್ರು? ಹಪ್ಪಳ ತಿನ್ನಿ, ತಿಂದು ಪಾಸ್ ಮಾಡಿ" ಎಂದು ಎದುರಿಗೇ ಕೂತಳು. ಪುಟ್ಟಸ್ವಾಮಿಯವರು ಹಪ್ಪಳ ತಿಂದರು. ಪ್ರಬಂಧ ಮೇಜಿನ ಮೇಲೆ ಮುಚ್ಚಿಕೊಂಡೇ ಉಳಿಯಿತು.

"ಇಲ್ಲಿದ್ರೆ ಆಗಲ್ಲ" ಎಂದು ಅವರು ಏದುಸಿರು ಬಿಟ್ಟರು. "ವ್ಯವಸ್ಥೆ ಎಲ್ಲಿ ತೋರಿಸ್ತೀರಿ? ಅಲ್ಲಿಗೇ ನಡೀರಿ. ಸಾಯಂಕಾಲ ಕುಮಟಾದಲ್ಲಿ ನನಗೆ ರೈಲಿದೆ."

"ಹೊಳನಗದ್ದೇಲಿ ಸರ್. ಒಂದು ಊಟದ ಮನೆ."

ಪುಟ್ಟಸ್ವಾಮಿಯವರು ಕಣ್ಣು ಮುಚ್ಚಿದರು. "ನಾನು ಉಣ್ಣಲ್ಲ. ಒಂದು ಕಡೆ ಕೂತು ನೋಡ್ತೀನಿ, ಅಷ್ಟೆ."

"ಆತು ಸರ್" ಎಂದ ದೇವರಾಜ, ಕಾರಿನ ಬಾಗಿಲು ತೆಗೆಯುತ್ತ.

ಹೊಳನಗದ್ದೆಯ ಹೊಸ ಮನೆಯ ಅಂಗಳದಲ್ಲಿ ಚಪ್ಪರ ಹಾಕಿತ್ತು. ಗದ್ದೆಯ ಕಡೆಯಿಂದ ಗಾಳಿ ಬೀಸಿ ಜಿಲೇಬಿಯ ಪರಿಮಳವನ್ನು ದಾರಿಯವರೆಗೂ ತಂದು ಬಿಟ್ಟಿತ್ತು. ಮಹಾಲಕ್ಷ್ಮೀ ಅತ್ತೆ ಅರಿಶಿನ ಬಣ್ಣದ ಸೀರೆಯುಟ್ಟು ಬಾಗಿಲಲ್ಲೇ ಎದುರಾದಳು. ಕಂಪ್ಯೂಟರಿಗೆ ಪಾಠ ಹೇಳಿದವಳು ತಾನು ಎಂಬ ಬಿಗುಮಾನ ಅವಳ ನಡಿಗೆಯಲ್ಲೇ ಇತ್ತು.

"ಬನ್ನಿ ಬನ್ನಿ ಸರ್. ನಮ್ಮ ಮಾಬ್ಲೇಶ್ವರನಿಗೆ ನೀವು ಒಂಬತ್ತು ವರ್ಷ ಕಲಿಸಿದ್ರಿ, ನಾನು ಒಂದು ಮಧ್ಯಾಹ್ನ ಕಲಿಸ್ದೆ" ಎಂದಳು. ಅಷ್ಟರಲ್ಲಿ ಅವಳ ಕಣ್ಣು ಪ್ರೊಫೆಸರರ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯ ಮೇಲೆ ಬಿತ್ತು. ಅದನ್ನು ಮೆಲ್ಲಗೆ ತೆಗೆದುಕೊಂಡು, ಮಾಬ್ಲೇಶ್ವರನ ಕಿವಿಯಲ್ಲಿ, "ಪಾಪ, ಮನೆಗೆ ಒಯ್ಯಲೆ ಡಬ್ಬಿಯನ್ನೂ ತೈಂದ. ಡಬ್ಬಿ ತಂದವು ಬೇಡ ಹೇಳ್ತ್ವ? ಇದನ್ನೂ ನಿನ್ನ ಪುಸ್ತಕದಲ್ಲಿ ಬರ್ಕ" ಎಂದಳು. ಸೌತೆಕಾಯಿ ದನದ ಕೊಟ್ಟಿಗೆಗೆ ಹೋಯಿತು. ಡಬ್ಬಿಗೆ ಜಿಲೇಬಿ ತುಂಬಿತು.

ಒಂದು ಕಡೆ ಕೂತು ನೋಡುತ್ತೇನೆ ಎಂದವರಿಗೆ ಚಪ್ಪರದಲ್ಲಿ ಕೂರಲು ಸಿಕ್ಕಿದ ಒಂದೇ ಜಾಗ ಊಟದ ಸಾಲಿನ, ಅಂದರೆ ಹಂತಿಯ, ಮೊದಲ ಬಾಳೆ. ಪುಟ್ಟಸ್ವಾಮಿಯವರು ಕೂತರು. ಎದುರಿಗೆ ಬಾಳೆಯೆಲೆ ಹಾಸಿ ನೀರು ಚಿಮುಕಿಸಿಯೂ ಆಯಿತು. ಮಾಬ್ಲೇಶ್ವರ ಪಂಚೆ ಎತ್ತಿ ಕಟ್ಟಿ, ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿ, ಇಯರ್‌ಫೋನಿನ ವಾಯರನ್ನು ಕಿವಿಗೆ ಸಿಕ್ಕಿಸಿಕೊಂಡು ಜಿಲೇಬಿ ಬುಟ್ಟಿ ಹಿಡಿದ. ಅವನ ಯೋಚನೆಯೇ ಬೇರೆ ಇತ್ತು. ಗೈಡನ್ನು ಬಿಟ್ಟು ಪಕ್ಕದವರಿಂದ ಶುರು ಮಾಡಿ, ಅವರಿಗೆ ಬಡಿಸುವುದನ್ನು ಗೈಡಿಗೆ ತೋರಿಸಿ ಮುಗಿಸುವುದು.

"ಎಲ್ಲಿಗೆ ಹೊಂಟೆ?" ಎಂದು ಹಿಂದಿನಿಂದ ಅವನ ಭಾವ ಪ್ರದೀಪ ತಡೆದ. ಪ್ರದೀಪ ಅತ್ತೆಯ ಮಗ, ಬ್ಯಾಂಕಿನಲ್ಲಿ ಕೆಲಸ. ರಜೆಯ ದಿನಗಳಲ್ಲಿ ಊರಿನ ಊಟದ ಮನೆಗಳಲ್ಲಿ ಬಡಿಸುವುದೇ ಅವನ ಆಟ. "ಮೊದಲ ಬಾಳೆ ಬಿಟ್ಟು ಎರಡನೇದಕ್ಕೆ ಹೋಪಲಾಗ್ತ? ಮುಖ್ಯ ನೆಂಟರಿಗೇ ಮೊದ್ಲು ಹಾಕು."

ಮಾಬ್ಲೇಶ್ವರ ಗೈಡಿನ ಮುಂದೆ ಬಗ್ಗಿದ. ಅವರು ಅಂಗೈ ಅಡ್ಡ ಹಿಡಿದು, "ಬ್ಯಾಡ ಕಣ್ರೀ" ಅಂದರು.

"ದೊಡ್ಡದು ಹಾಕು" ಎಂದಿತು ಕಿವಿಯಲ್ಲಿ ಅತ್ತೆಯ ದನಿ.

ದೊಡ್ಡದು? ಅಂಥ ನಿಯಮವನ್ನು ತಾನು ಬರೆದ ನೆನಪಿಲ್ಲ. ಆದರೂ ಪರೀಕ್ಷೆ ನಡೆಯುತ್ತಿರುವಾಗ ವ್ಯವಸ್ಥೆ ಹೇಳಿದಂತೆ ನಡೆಯಬೇಕು. ಅವನು ಬುಟ್ಟಿಯಲ್ಲಿದ್ದ ದೊಡ್ಡ ಜಿಲೇಬಿಯನ್ನು ಆರಿಸಿ ಹಾಕಿದ.

"ಅಯ್ಯೋ, ಬ್ಯಾಡಾ ಅಂದ್ನಲ್ರೀ! ಬ್ಯಾಡಾ!"

"ದೊಡ್ಡದು, ದೊಡ್ಡದು. ಎರಡು ಹಾಕು."

ಮಾಬ್ಲೇಶ್ವರ ಗಾಬರಿಯಿಂದ ಮೊಬೈಲು ತೆಗೆದು ನೋಡಿದ. ಪರದೆಯ ಮೇಲೆ ಸ್ಪಷ್ಟವಾಗಿ ಬರೆದಿತ್ತು: ಕೇಳಿಸಿದ ಮಾತು, ಬಡಾ. ಭಾಷೆ, ಉರ್ದು. ಅರ್ಥ, ದೊಡ್ಡದು. ಹೊನ್ನಾವರದ ಬೇಡ, ಕುಮಟೆಯ ಬೇಡ, ಭಟ್ಕಳದ ಬೇಡ ಎಲ್ಲವನ್ನೂ ಕಲಿಸಿದ್ದ; ಮಂಡ್ಯದವರ ಬ್ಯಾಡ ಅವನಿಗೆ ಹೊಳೆದಿರಲೇ ಇಲ್ಲ.

ತಕ್ಷಣ ಯಂತ್ರವನ್ನು ನಿಲ್ಲಿಸಬೇಕೆಂದು ಅವನು ಇಯರ್‌ಫೋನಿನ ವಾಯರನ್ನು ಎಳೆದ. ವಾಯರು ಕಿವಿಯ ತುದಿಯಲ್ಲಿ ಕಳಚುವ ಬದಲು ಮೊಬೈಲಿನ ತುದಿಯಲ್ಲಿ ಕಳಚಿತು. ಇಷ್ಟು ಹೊತ್ತು ಕಿವಿಯೊಳಗೆ ಪಿಸುಗುಡುತ್ತಿದ್ದ ಅತ್ತೆ ಈಗ ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಿದಳು: "ಹಾಕು! ದೊಡ್ಡದು ಹಾಕು! ಎರಡು ಹಾಕು!"

ಆ ಊರಿನಲ್ಲಿ ಆ ದನಿಯನ್ನು ಮೀರಿದವರು ಇಲ್ಲ. ಪ್ರದೀಪ ಎಲ್ಲಿದ್ದನೋ, ಜಿಲೇಬಿ ಹಿಡಿದು ಓಡಿ ಬಂದು ಎರಡು ಹಾಕಿದ. ತುಪ್ಪದವನು ತುಪ್ಪ ಹೊಯ್ದ. ಪಾಯಸದವನು ಅರ್ಧ ಹಂತಿ ಬಿಟ್ಟು ಹಾರಿ ಬಂದ.

"ಬ್ಯಾಡ್ರಪ್ಪಾ, ಬ್ಯಾಡಾ!" ಎಂದು ಪುಟ್ಟಸ್ವಾಮಿಯವರು ಎರಡೂ ಕೈ ಜೋಡಿಸಿದರು. ಕೈ ಜೋಡಿಸಿದ್ದರಿಂದ ಬಾಳೆಯ ಮೇಲಿನ ಕಾವಲು ತಪ್ಪಿತು. ಮತ್ತೆರಡು ಜಿಲೇಬಿ ಬಿದ್ದವು. ಹಂತಿಯವರೆಲ್ಲ ತಮ್ಮ ಊಟ ನಿಲ್ಲಿಸಿ ಇವರ ಊಟ ನೋಡತೊಡಗಿದರು. "ಸಾವಕಾಶ ಉಣ್ಣಿ ಸರ್" ಎಂದು ಹುರಿದುಂಬಿಸಿದರು. "ನಡ್ವೆ ಅಪ್ಪೆಹುಳಿ ಕುಡೀರಿ, ಮತ್ತೆರಡಕ್ಕೆ ಜಾಗ ಆಗ್ತು" ಎಂದು ಒಬ್ಬ ಅಜ್ಜ ದಾರಿ ತೋರಿಸಿದ. ದೇವರಾಜ ಚಪ್ಪರದ ಕಂಬಕ್ಕೊರಗಿ ವೀಡಿಯೋ ಮಾಡುತ್ತಿದ್ದ.

ಗಲಾಟೆ ಕೇಳಿ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದಳು. "ಆನು ಒಳಗಿದ್ದೆ. ಇಲ್ಲಿ ಹಾಕು ಹಾಕು ಹೇಳ್ತಾ ಇದ್ದವು ಯಾರು?"

"ನೀನೇ, ಅತ್ತೆ" ಎಂದ ಮಾಬ್ಲೇಶ್ವರ, ಅಳುವುದೊಂದೇ ಬಾಕಿ.

ಅತ್ತೆ ಮೊಬೈಲಿನ ಕಡೆ ನೋಡಿದಳು, ಪ್ರೊಫೆಸರರ ಬಾಳೆಯ ಕಡೆ ನೋಡಿದಳು. ಅವಳ ಮುಖ ಅರಳಿತು. "ಆನು ಸರಿಯಾಗೇ ಹೇಳ್ತಾ ಇದ್ದೆ!" ಎಂದು ತನ್ನನ್ನೇ ತಾನು ಮೆಚ್ಚಿಕೊಂಡು ಇನ್ನೊಂದು ಸೌಟು ಪಾಯಸ ತರಲು ಒಳಗೆ ಹೋದಳು.

ಕೊನೆಗೆ ಪುಟ್ಟಸ್ವಾಮಿಯವರು ಮಾತು ನಿಲ್ಲಿಸಿದರು. ಏನೂ ಹೇಳದೆ ಬಾಳೆಯ ಮುಂದಿನಿಂದ ಏಳಲು ನೋಡಿದರು. "ಇದು ನಿಜವಾದ ಬೇಡ!" ಎಂದು ಮಾಬ್ಲೇಶ್ವರ ದಾರಿ ಬಿಡಿಸಲು ಓಡಿ ಬಂದ. ಆದರೆ ಪಕ್ಕದ ಅಜ್ಜ ಪ್ರೊಫೆಸರರ ಶಲ್ಯ ಹಿಡಿದು ಕೂರಿಸಿದ. "ಹಂತಿ ನಡುವೆ ಏಳಲಾಗ ಸರ್. ನೀವು ಎದ್ರೆ ನಾವೆಲ್ಲ ಏಳ್ಬೇಕು. ನಂದಿನ್ನೂ ಮಜ್ಜಿಗೆ ಅನ್ನ ಆಗಿಲ್ಲ." ಅವರು ಕೂತರು. ಕೂತವರಿಗೆ ಮತ್ತೆ ಬಡಿಸಿದರು.

ಊಟ ಮುಗಿದ ಮೇಲೆ ಅವರನ್ನು ಒಳಗಿನ ಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿದರು. ಪಕ್ಕದಲ್ಲಿ ಎಲೆಅಡಿಕೆಯ ಕವಳದ ತಟ್ಟೆ, ತುಂಬಿದ ಡಬ್ಬಿ. ಕಣ್ಣು ಮುಚ್ಚಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವರು ಅಲುಗಾಡದೆ ಮಲಗಿದ್ದರು. ಮಾಬ್ಲೇಶ್ವರ ಹೊರಗಿನ ಜಗುಲಿಯಲ್ಲಿ ಕೂತು ತನ್ನ ಒಂಬತ್ತು ವರ್ಷಕ್ಕೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟ. ನಾಳೆ ಮಗಳಿಗೆ ಏನು ಹೇಳುವುದು? ಹಾಲಿನವನಿಗೆ? ಕಮಲಕ್ಕನಿಗೆ? ಅವನು ಬೆಳಗಿನಿಂದ ಒಂದು ತುತ್ತೂ ತಿಂದಿರಲಿಲ್ಲ. ಹಸಿವೆಯೂ ಇರಲಿಲ್ಲ.

"ತಲೆಬಿಸಿ ಮಾಡ್ಬೇಡ" ಎಂದು ದೇವರಾಜ ಸಮಾಧಾನ ಹೇಳಿದ. "ಬೇರೆ ಗೈಡ್ ಸಿಕ್ತ್ರು. ಅವ್ರಿಗೂ ನಾನೇ ಕಾರು ತರ್ತೆ."

ಅಷ್ಟರಲ್ಲಿ ಒಳಗಿನಿಂದ ದನಿ ಬಂತು. "ಮಾಬ್ಲೇಶ್ವರ್, ಬನ್ನಿ ಇಲ್ಲಿ. ಆ ಮೊಬೈಲೂ ತನ್ನಿ."

ಅವನು ಹೋಗಿ ಚಾಪೆಯ ಅಂಚಿನಲ್ಲಿ ಕೂತ. "ಸರ್, ಕ್ಷಮಿಸಬೇಕು ಸರ್..."

"ಸುಮ್ನಿರಿ. ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳ್ಬೇಡಿ." ಪುಟ್ಟಸ್ವಾಮಿಯವರು ಮೇಲೆ ಮಾಡಿನ ಕಡೆ ನೋಡುತ್ತ ಶುರು ಮಾಡಿದರು. "ನಾನು ಮದುವೆಯಾದ ಹೊಸತು. ಮಾವನ ಮನೇಲಿ ಒಬ್ಬಟ್ಟು ಬಡಿಸೋಕೆ ಬಂದ್ರು. ಹೊಸ ಅಳಿಯ ಅಲ್ವೇ, ಸಂಕೋಚಕ್ಕೆ ಬ್ಯಾಡ ಅಂದೆ. 'ಬ್ಯಾಡ್ವಂತೆ' ಅಂತ ಮುಂದಕ್ಕೆ ಹೋಗ್ಬಿಟ್ರು ಕಣ್ರೀ! ನಮ್ಮ ಕಡೆ ಬ್ಯಾಡ ಅಂದ್ರೆ ಬ್ಯಾಡ. ಅಳಿಯಂದ್ರಿಗೆ ಸಿಹಿ ಸೇರಲ್ಲ ಅಂತ ಊರೆಲ್ಲ ಸುದ್ದಿ ಆಯ್ತು. ಅವತ್ತು ಶುರುವಾದ ಸೌತೆಕಾಯಿ ಇನ್ನೂ ನಿಂತಿಲ್ಲ. ಮಿತಾಹಾರಿ ಅಂತ ಸನ್ಮಾನ ಬೇರೆ ಮಾಡಿದ್ರು. ನನ್ನ ಬ್ಯಾಡದೊಳಗೆ ಏನಿದೆ ಅಂತ ಹೆಂಡ್ತಿಗೆ ಗೊತ್ತಾಗ್ಲಿಲ್ಲ, ಮಕ್ಕಳಿಗೆ ಗೊತ್ತಾಗ್ಲಿಲ್ಲ." ಅವರು ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಿಮ್ಮ ಯಂತ್ರಕ್ಕೆ ಗೊತ್ತಾಯ್ತು. ಎಂಥ ಜಿಲೇಬಿ ರೀ!"

ಮಾಬ್ಲೇಶ್ವರನಿಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ. ಉರ್ದುವಿನ ಬಡಾ ಸಂಗತಿ ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿಕೊಂಡ. ಮೆಲ್ಲಗೆ ಕೇಳಿದ: "ಹಾಗಾದ್ರೆ ಸರ್... ಪ್ರಬಂಧ... ಇಷ್ಟು ಸಾಕಾ?"

"ಸಾಕು."

ಒಂಬತ್ತು ವರ್ಷ ಕಾದ ಮಾತು! ಮಾಬ್ಲೇಶ್ವರ ಚಂಗನೆ ಎದ್ದು ಜಗುಲಿಗೆ ಓಡಿ ದೇವರಾಜನನ್ನು ಅಪ್ಪಿಕೊಂಡ. ಅಜ್ಜನ ಕಾಲಿಗೆ ಬಿದ್ದ. ಅತ್ತೆಗೆ ಸುದ್ದಿ ಮುಟ್ಟಿ ಚಪ್ಪರದಲ್ಲಿ ಕೇಕೆ ಎದ್ದಿತು. ದೇವರಾಜನ ಮೊಬೈಲಿನಿಂದ ಸ್ಮೃತಿಗೆ ಫೋನು ಮಾಡಿ "ಸಾಕು ಹೇಳಿದ! ಸಾಕು ಹೇಳಿದ!" ಎಂದು ಕೂಗಿದ. ಅತ್ತ ಅವಳು ಏನು ಹೇಳಿದಳೋ ತಿಳಿಯಲಿಲ್ಲ, ಕಮಲಕ್ಕನ ದನಿಯೊಂದೇ ಕೇಳಿಸುತ್ತಿತ್ತು. ಖುಷಿ ಎಷ್ಟಾಯಿತೆಂದರೆ ಬೆಳಗಿನಿಂದ ಕಾಣೆಯಾಗಿದ್ದ ಹಸಿವೆ ಒಮ್ಮೆಲೇ ಕೆರಳಿತು. ಪ್ರದೀಪನಿಗೆ ತನಗೂ ಬಾಳೆ ಹಾಕಲು ಹೇಳಿ, ಕೃತಜ್ಞತೆ ಸಲ್ಲಿಸಲು ಮತ್ತೆ ಒಳಗೆ ಹೋದ.

ಪುಟ್ಟಸ್ವಾಮಿಯವರು ಈಗ ಎದ್ದು ಕೂತಿದ್ದರು. ಕೈಯಲ್ಲಿ ಅವನ ಮೊಬೈಲಿತ್ತು, ಅದರಲ್ಲಿ 'ಉಪಚಾರ' ತೆರೆದುಕೊಂಡಿತ್ತು. ಅವರ ಕಣ್ಣಲ್ಲಿ ಹೊಸದೊಂದು ಹೊಳಪು ಬಂದಿತ್ತು.

"ಒಂದು ಯೋಚನೆ ಬಂತು ಮಾಬ್ಲೇಶ್ವರ್. ಇಂಥ ಒಳ್ಳೆ ವ್ಯವಸ್ಥೆ ಒಂದು ಊಟಕ್ಕೇ ನಿಲ್ಲಬಾರದು. ಭಟ್ಕಳದ ನವಾಯತಿ ಮನೆಗಳಲ್ಲಿ ಬ್ಯಾಡ ಅನ್ನೋದನ್ನ ಹೇಗೆ ಹೇಳ್ತಾರೆ? ಅದಕ್ಕೊಂದು ಅಧ್ಯಾಯ ಸೇರಿಸೋಣ. ನಾನೇ ಬಂದು ಊಟಕ್ಕೆ ಕೂರ್ತೀನಿ."

"ಬೇಡ ಸರ್!" ಎಂದ ಮಾಬ್ಲೇಶ್ವರ.

"ಹಾಕು" ಎಂದಿತು ಮೊಬೈಲು.

ಪುಟ್ಟಸ್ವಾಮಿಯವರು ಮುಗುಳ್ನಕ್ಕರು. "ಗೊತ್ತಿತ್ತು. ಮೊದಲನೇ ಬೇಡ ಮರ್ಯಾದೆಗೆ. ಆಯ್ತು, ಒಂದು ಅಧ್ಯಾಯ ಹಾಕಿದೆ. ಕೊಂಕಣಿಯವರು 'ನಾಕಾ' ಅಂತಾರಲ್ಲ, ಅದು?"

"ಅಯ್ಯೋ, ಬೇಡ ಸರ್! ಸಾಕು ಅಂದ್ರಲ್ಲ ಸರ್ ನೀವು! ದಮ್ಮಯ್ಯ, ಬೇಡ!"

"ಎರಡು ಹಾಕು" ಎಂದಿತು ಮೊಬೈಲು.

"ಎರಡು! ಪಾಪ, ಎಷ್ಟು ಆಸೆ ಇಟ್ಕೊಂಡು ಸಂಕೋಚ ಪಡ್ತಿದ್ರಿ. ನನ್ನ ಹಾಗೇ ಆಗ್ಬಿಡ್ತಿದ್ರಿ ನೀವೂ." ಅವರು ಅವನ ಬೆನ್ನು ತಟ್ಟಿದರು. "ಕೊಂಕಣಿಗೊಂದು, ನಮ್ಮ ಮಂಡ್ಯಕ್ಕೊಂದು. ನವಾಯತಿದೂ ಸೇರಿ ಮೂರು. ಒಂದು ಮೂರು ವರ್ಷದ ಕೆಲಸ. ವಿಶ್ವವಿದ್ಯಾಲಯದವರ ಹತ್ರ ಅವಧಿ ನಾನೇ ಕೇಳಿ ಕೊಡಿಸ್ತೀನಿ."

ಮಾಬ್ಲೇಶ್ವರನ ತಲೆ ಚುರುಕಾಗಿ ಓಡಿತು. ಮಾತಾಡಿದರೆ ಕೆಟ್ಟೆ. ನಿಜವಾಗಿ ಬೇಡವಾದವನು ಏನೂ ಹೇಳುವುದಿಲ್ಲ, ಎದ್ದು ಹೋಗುತ್ತಾನೆ. ಅವನು ತುಟಿ ಬಿಗಿದು, ಒಂದಕ್ಷರ ಆಡದೆ, ಚಾಪೆಯಿಂದ ಎದ್ದ. ಮೊಬೈಲು ಕೇಳಿಸಿಕೊಳ್ಳಲು ಏನೂ ಇಲ್ಲದೆ ತೆಪ್ಪಗಾಯಿತು. ಗೆದ್ದೆ ಎಂದು ಅವನು ಬಾಗಿಲವರೆಗೆ ಬಂದ.

ಹಿಂದಿನಿಂದ ಪುಟ್ಟಸ್ವಾಮಿಯವರ ತೃಪ್ತಿಯ ದನಿ ಕೇಳಿಸಿತು. "ಮೌನಂ ಸಮ್ಮತಿ ಲಕ್ಷಣಂ!"

ಚಪ್ಪರದಲ್ಲಿ ಅವನ ಬಾಳೆ ಹಾಕಿತ್ತು. ಮಾಬ್ಲೇಶ್ವರ ಹೋಗಿ ಅದರ ಮುಂದೆ ಕುಸಿದು ಕೂತ. ಕೆರಳಿದ್ದ ಹಸಿವೆ ಸತ್ತೇ ಹೋಗಿತ್ತು. ಪ್ರದೀಪ ಜಿಲೇಬಿ ಬುಟ್ಟಿ ಹಿಡಿದು ನಗುತ್ತ ಬಂದು ಬಗ್ಗಿದ.

ಮಾಬ್ಲೇಶ್ವರ ಬೇಡ ಅಂದ. ಪ್ರದೀಪ ಎರಡು ಹಾಕಿದ.